ಯಾರ ಗಡಿಯಾರ? ಕುಮಟೆಯ ಧಕ್ಕೆಯಿಂದ ಕಂಡ ರಾಜಾಬಾಯಿ ಗೋಪುರ

ಮುಂಬಯಿಯ ರಾಜಾಬಾಯಿ ಗೋಪುರದ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ಮೂರು ಮಾತು ತಪ್ಪದೆ ಬರುತ್ತವೆ. ಒಂದು, ಅದರ ಎತ್ತರ 280 ಅಡಿ. ಎರಡು, ನಕ್ಷೆ ಬರೆದವನು ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವನು ಮುಂಬಯಿಗೆ ಕಾಲಿಡದೆ ಇಂಗ್ಲೆಂಡಿನಲ್ಲೇ ಕೂತು ಬರೆದು ಕಳಿಸಿದ. ಮೂರು, ದುಡ್ಡು ಕೊಟ್ಟವನು ಪ್ರೇಮಚಂದ ರಾಯಚಂದ, ಕೊಟ್ಟದ್ದು ತನ್ನ ತಾಯಿ ರಾಜಾಬಾಯಿಯ ಹೆಸರಿಗೆ. ಮೂರನೆಯ ಮಾತಿಗೆ ಬಂದಾಗ ಬರೆಯುವವರ ಕಣ್ಣು ಒದ್ದೆಯಾಗುತ್ತದೆ. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರು ಸೂರ್ಯ ಮುಳುಗುವ ಮೊದಲು ಉಣ್ಣಬೇಕಂತೆ. ಅವಳಿಗೆ ಹೊತ್ತು ತಿಳಿಯಲೆಂದು ಮಗ ಗಂಟೆಗೋಪುರ ಕಟ್ಟಿಸಿದನಂತೆ.

ಇರಲಿ. ಆದರೆ ಒಬ್ಬ ಮುದುಕಿ ಹೊತ್ತಿಗೆ ಸರಿಯಾಗಿ ಉಣ್ಣಲು 280 ಅಡಿ ಕಲ್ಲು ಬೇಕಾಗಿತ್ತೇ? ಒಳಗಿನಿಂದ ಸೊಸೆ ಒಂದು ಕೂಗು ಹಾಕಿದ್ದರೆ ಸಾಲುತ್ತಿತ್ತು. ಈ 'ಅಂತೆ'ಗಳ ಕಥೆ ನಿಜವೋ ಸುಳ್ಳೋ ಎಂಬುದಲ್ಲ ನನ್ನ ತಕರಾರು. ಈ ಕಥೆ ಹೇಳಿದ ಕೂಡಲೇ ಎಲ್ಲರೂ ದುಡ್ಡಿನ ಮೂಲ ಕೇಳುವುದನ್ನು ಮರೆಯುತ್ತಾರೆ, ಅದು ತಕರಾರು. ತಾಯಿಪ್ರೀತಿಯ ಎದುರು ಲೆಕ್ಕ ಕೇಳುವವ ಎದೆಯಿಲ್ಲದವನ ಹಾಗೆ ಕಾಣುತ್ತಾನೆ. ನಾನು ಕೇಳುವವನೇ. ಯಾಕೆಂದರೆ ಆ ದುಡ್ಡನ್ನು ಹುಟ್ಟಿಸಿದ ಹತ್ತಿಯಲ್ಲಿ ಒಂದು ಪಾಲು ನಮ್ಮ ಕುಮಟೆಯ ಧಕ್ಕೆಯ ಮೇಲಿಂದ ಹೋಗಿದೆ.

ನಾನು ಹೊನ್ನಾವರ ತಾಲೂಕಿನ ಒಂದು ಮುಕ್ರಿ ಕೇರಿಯವ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಈ ಗೋಪುರದ ಹೆಸರನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ದೊಡ್ಡಪ್ಪನ ಬಾಯಲ್ಲಿ. ದೊಡ್ಡಪ್ಪ 1972ರಲ್ಲಿ, ಹನ್ನೆರಡು ವರ್ಷದವನಿದ್ದಾಗ, ಊರಿನ ಒಬ್ಬರ ಬೆನ್ನುಹತ್ತಿ ಮುಂಬಯಿಗೆ ಹೋದ. ಫೋರ್ಟಿನ ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆದ. ಅಲ್ಲಿಗೆ ಗೋಪುರದ ಗಂಟೆ ಕೇಳುತ್ತಿತ್ತಂತೆ. ಇದೂ ಒಂದು 'ಅಂತೆ'ಯೇ, ಒಪ್ಪಿದೆ. ಆದರೆ ಈ 'ಅಂತೆ'ಗೆ ಯಾರ ಕಣ್ಣೂ ಒದ್ದೆಯಾಗಿದ್ದಿಲ್ಲ.

ಈಗ ಹತ್ತಿಯ ಲೆಕ್ಕಕ್ಕೆ ಬರೋಣ. 1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ದಕ್ಷಿಣದವರು ಕಪ್ಪು ಜನರನ್ನು ಗುಲಾಮರನ್ನಾಗಿ ಕೊಂಡು, ಮಾರಿ, ಹೊಡೆದು ಹತ್ತಿ ಬೆಳೆಸುತ್ತಿದ್ದರು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ತಿನ್ನುತ್ತಿದ್ದದ್ದು ಬಹುಪಾಲು ಆ ಹತ್ತಿಯನ್ನೇ. ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳ ಬಾಯಿ ಕಟ್ಟಿದವು. ಗುಲಾಮರ ಹತ್ತಿ ಬಾರದೆ ಹೋದಾಗ ಮ್ಯಾಂಚೆಸ್ಟರಿನ ಸಾಹುಕಾರರಿಗೆ ನೆನಪಾದದ್ದು ಗುಜರಾತು, ಬೇರಾರು, ಧಾರವಾಡ.

ಧಾರವಾಡ ಸೀಮೆಯ ಎರೆಭೂಮಿಯ ಹತ್ತಿಗೆ ಸಮುದ್ರದ ಬಾಗಿಲು ಕುಮಟೆ. ಹುಬ್ಬಳ್ಳಿಯಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆ, ಅಲ್ಲಿಂದ ಮಚವೆ ಪತ್ತೆಮಾರಿಗಳಲ್ಲಿ ಮುಂಬಯಿ. ಗಾಡಿರಸ್ತೆ ಆಗುವ ಮೊದಲು ಲಂಬಾಣಿಗರ ಹೇರೆತ್ತುಗಳು ಘಟ್ಟದ ಮೇಲಿನ ಮಾಲು ಕೆಳಗಿಳಿಸಿ, ಕರಾವಳಿಯ ಉಪ್ಪನ್ನು ಮೇಲಕ್ಕೆ ಒಯ್ಯುತ್ತಿದ್ದವು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ನಮ್ಮದು ಗದ್ದೆ, ಗಜನಿ, ತೆಂಗು, ಸಾಣಿಕಟ್ಟೆಯ ಉಪ್ಪು. ಆದರೂ ಮುಂಬಯಿ ಪೇಟೆಯಲ್ಲಿ, ಲಿವರ್‌ಪೂಲ್ ಪೇಟೆಯಲ್ಲಿ, ಧಾರವಾಡದ ಜವಾರಿ ಹತ್ತಿಗೆ ಬಿದ್ದ ಹೆಸರು 'ಕುಮಟಾ'. ಬೆಳೆದವನ ಹೆಸರಲ್ಲ, ಹೊತ್ತವನ ಹೆಸರಲ್ಲ, ಹಡಗಿಗೆ ಹೇರಿದ ಜಾಗದ ಹೆಸರು. ವ್ಯಾಪಾರಿಗೆ ಅಷ್ಟೇ ಸಾಕು.

ಕುಮಟೆಯಂಥ ಬಂದರಿಗೆ ಒಂದು ಕಟ್ಟುಪಾಡಿತ್ತು. ಮಳೆಗಾಲ ಹಿಡಿದರೆ ಪತ್ತೆಮಾರಿ ಸಮುದ್ರಕ್ಕೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ಬಿಡಿಸಿದ ಹತ್ತಿ ಜೂನಿನ ಮೊದಲ ಗಾಳಿಯೊಳಗೆ ಹಡಗು ಸೇರಬೇಕು, ಇಲ್ಲವೆಂದರೆ ನಾಲ್ಕು ತಿಂಗಳು ಕೊಳೆಯಬೇಕು. ಹಾಗಾಗಿ ಏಪ್ರಿಲ್ ಮೇ ತಿಂಗಳ ಧಕ್ಕೆಯ ಮೇಲೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಈ ಅವಸರದಲ್ಲಿ ಬೆನ್ನು ಕೊಟ್ಟವರು ಯಾರು? ದಲಾಲಿ ಹೊರಲಿಲ್ಲ, ಸಾವಕಾರ ಹೊರಲಿಲ್ಲ. ನಮ್ಮ ಅಜ್ಜಿ ಯಾವುದಾದರೂ ಮುಗಿಯದ ಕೆಲಸಕ್ಕೆ 'ಅಂಡಿಗೆ ಇಳಿಸಿದ ಹಾಂಗೆ' ಅನ್ನುತ್ತಿದ್ದಳು. ಅವಳು ಹತ್ತಿಯ ಅಂಡಿಗೆಯನ್ನು ಕಣ್ಣಲ್ಲಿ ಕಂಡವಳಲ್ಲ. ಅವಳ ಅಜ್ಜಿಯ ಬಾಯಿಂದ ಬಂದ ಮಾತದು. ಇತಿಹಾಸದ ಪುಸ್ತಕದಲ್ಲಿ ಜಾಗ ಸಿಗದವರು ಹೀಗೆ ಗಾದೆಯಲ್ಲೋ ಬೈಗುಳದಲ್ಲೋ ಹೊಕ್ಕು ಕೂತಿರುತ್ತಾರೆ.

ಹತ್ತಿಯ ಈ ಆಸೆ ಎಷ್ಟಿತ್ತೆಂದರೆ ನಮ್ಮ ಜಿಲ್ಲೆಯ ರಾಜಧಾನಿಯೇ ಬದಲಾಯಿತು. ಅಲ್ಲಿಯವರೆಗೆ ನಾವು ಮದ್ರಾಸಿನವರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಇಲಾಖೆಯಿಂದ ಕಿತ್ತು ಮುಂಬಯಿ ಇಲಾಖೆಗೆ ಅಂಟಿಸಿದರು. ಇದರ ಹಿಂದೆ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳ ಒತ್ತಡವಿತ್ತು. ಧಾರವಾಡದ ಹೊಲವೂ ಕಾರವಾರದ ಬಂದರೂ ಒಂದೇ ಸರ್ಕಾರದ ಕೈಯಲ್ಲಿರಲಿ, ರಸ್ತೆ ಬೇಗ ಆಗಲಿ ಎಂಬುದು ಅವರ ವಾದ. ಕುಂದಾಪುರ ಮದ್ರಾಸಿಗೇ ಉಳಿಯಿತು. ಭಟ್ಕಳ ಗಡಿಯಾಯಿತು. ಆಮೇಲೆ 1956ರಲ್ಲಿ ಬೆಂಗಳೂರು ನಮ್ಮ ರಾಜಧಾನಿ. ನಾವು ಕೂತಲ್ಲೇ ಕೂತಿದ್ದೆವು, ರಾಜಧಾನಿಗಳು ಬಂದು ಹೋದವು. ಅಂತೂ 94 ವರ್ಷ ಮುಂಬಯಿ ನಮ್ಮ ರಾಜಧಾನಿ, ರಾಜಾಬಾಯಿ ನಮ್ಮ ರಾಜಧಾನಿಯ ಗಡಿಯಾರ. ಆ ಗೋಪುರ ಪರರದ್ದು, ನಮಗೇನು ಅಂತ ಕೇಳುವ ಗೆಳೆಯರಿಗೆ ಇಷ್ಟು ಉತ್ತರ ಸಾಕು.

ಯುದ್ಧದ ನಾಲ್ಕು ವರ್ಷಗಳಲ್ಲಿ ಮುಂಬಯಿಗೆ ಸುರಿದ ಹೆಚ್ಚುವರಿ ಹಣ 8 ಕೋಟಿ 10 ಲಕ್ಷ ಪೌಂಡು ಎಂದು ಆ ಕಾಲವನ್ನು ಬರೆದವರು ಲೆಕ್ಕ ಕೊಡುತ್ತಾರೆ. ಅದರ ಮೇಲೆ ಜೂಜು ಎದ್ದಿತು. ಇಲ್ಲದ ಕಂಪನಿಗಳು, ಸಮುದ್ರ ತುಂಬಿ ಇನ್ನೂ ನೆಲವೇ ಆಗದ ನೆಲದ ಶೇರುಗಳು. ಈ ಜೂಜಿನ ದೊರೆ ಪ್ರೇಮಚಂದ ರಾಯಚಂದ. ಅವನು 1864ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಲಕ್ಷ, ಗಡಿಯಾರದ ಗೋಪುರಕ್ಕೆ ಇನ್ನೆರಡು ಲಕ್ಷ ಕೊಟ್ಟ. 1865ರಲ್ಲಿ ಅಮೆರಿಕದ ಯುದ್ಧ ನಿಂತಿತು, ಹತ್ತಿಯ ಬೆಲೆ ನೆಲಕ್ಕೆ ಬಿತ್ತು, ಪ್ರೇಮಚಂದನೂ ದಿವಾಳಿ. ಅವನು ಕೆಟ್ಟವನೋ ಒಳ್ಳೆಯವನೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಬಿದ್ದ ಮೇಲೆ ಅವನು ಎದ್ದ, ಮತ್ತೆ ವ್ಯಾಪಾರ ಮಾಡಿದ. ಎತ್ತರದಿಂದ ಬಿದ್ದವರಿಗೆ ಏಳಲು ನಂಟರು ಇರುತ್ತಾರೆ. ಬೆಲೆ ಇದ್ದಾಗ ಸಾಲ ಮಾಡಿ, ಬೆಲೆ ಹೋದಾಗ ಸಾಲ ತೀರಿಸಲಾಗದೆ ಹೊಲ ಕಳೆದುಕೊಂಡ ದಖ್ಖಣದ ರೈತರು 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಸಾವಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಅದೂ ಈ ಗೋಪುರದ ಇತಿಹಾಸದ ಒಂದು ಪುಟ. ಗೋಪುರದ ಪುಸ್ತಕದಲ್ಲಿ ಮಾತ್ರ ಇಲ್ಲ.

1869ರ ಮಾರ್ಚ್ 1ರಂದು ಅಡಿಗಲ್ಲು ಬಿತ್ತು. ಕುರ್ಲಾದ ಕಲ್ಲು ಏರುತ್ತ ಹೋಯಿತು. 1878ರ ನವೆಂಬರಿನಲ್ಲಿ ಕೆಲಸ ಮುಗಿಯಿತು. ಒಟ್ಟು ಖರ್ಚು ಸುಮಾರು ಐದೂವರೆ ಲಕ್ಷ ರೂಪಾಯಿ. ಗೆಳೆಯರೇ, ಈ ಎರಡನೆಯ ಇಸವಿಯನ್ನು ಇನ್ನೊಮ್ಮೆ ಓದಿ. 1876ರಿಂದ 1878 ದಕ್ಷಿಣದ ಮಹಾ ಬರಗಾಲ. ಮುಂಬಯಿ ಇಲಾಖೆಯಲ್ಲಿ ಅದರ ಹೊಡೆತ ಜೋರಾಗಿ ಬಿದ್ದದ್ದು ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳಿಗೆ, ಅಂದರೆ 'ಕುಮಟಾ' ಹತ್ತಿ ಬೆಳೆದ ಅದೇ ಕಪ್ಪು ನೆಲಕ್ಕೆ. ಬ್ರಿಟಿಷರ ಆಳ್ವಿಕೆಯ ಪ್ರದೇಶಗಳಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಎಂದು ಬರ ಆಯೋಗವೇ ಲೆಕ್ಕ ಹಾಕಿತು. ಬರದ ಕಾಮಗಾರಿಯಲ್ಲಿ ಇಡೀ ದಿನ ಕಲ್ಲು ಒಡೆದ ಗಂಡಾಳಿಗೆ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಧಾನ್ಯ ಒಂದು ಪೌಂಡು, ಅದರ ಜೊತೆ ಚಿಲ್ಲರೆ ಕಾಸು. ಈ ಕೂಲಿ ಒಪ್ಪದೆ 1877ರ ಆರಂಭದಲ್ಲಿ ಮುಂಬಯಿ ದಖ್ಖಣದ ಹಸಿದ ಜನ ಕಾಮಗಾರಿ ಬಿಟ್ಟು ನಡೆದರು. ಹೊಟ್ಟೆಗಿಲ್ಲದವರು ಮಾಡಿದ ಮುಷ್ಕರ ಅದು.

ಗೋಪುರ ಕಟ್ಟಿದ್ದರಿಂದ ಬರ ಬಂತು ಅಂತ ನಾನು ಹೇಳುತ್ತಿಲ್ಲ. ಅಂಥ ಸುಲಭದ ಘೋಷಣೆ ನಮಗೆ ಬೇಡ. ಒಂದೇ ಇಲಾಖೆಯಲ್ಲಿ, ಒಂದೇ ವರ್ಷಗಳಲ್ಲಿ, ಒಂದು ಕಡೆ ಕಲ್ಲಿಗೆ ಕಲ್ಲು ಏರುತ್ತಿತ್ತು, ಇನ್ನೊಂದು ಕಡೆ ಹೆಣಕ್ಕೆ ಹೆಣ ಬೀಳುತ್ತಿತ್ತು. ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಇತಿಹಾಸ ಪ್ರವಾಸಿಗೆ ಸರಿ. ವಿಮರ್ಶೆ ಅನ್ನಿಸಿಕೊಳ್ಳುವ ಬರಹಕ್ಕೆ ಸಾಲದು.

ಇನ್ನು ನನ್ನನ್ನು ನಿದ್ದೆಗೆಡಿಸಿದ ಸಂಗತಿ. ಗೋಪುರದ ಮೈಮೇಲೆ 24 ಮನುಷ್ಯಾಕೃತಿಗಳಿವೆ. ಕೆತ್ತಿದ್ದು ಯಾರ ಆಕೃತಿ? ದೇವರಲ್ಲ, ದೊರೆಗಳಲ್ಲ, ವಿದ್ವಾಂಸರೂ ಅಲ್ಲ. ಪಶ್ಚಿಮ ಭಾರತದ ಜಾತಿಗಳು! ಒಂದೊಂದು ಗೊಂಬೆಯೂ ಒಂದೊಂದು ಜಾತಿಯ, ಸಮುದಾಯದ ಮಾದರಿ. ಅವನ್ನು ರೂಪಿಸಿದವನು ಕಟ್ಟಡದ ಸಹಾಯಕ ಇಂಜಿನಿಯರ್ ಮುಕುಂದ ರಾಮಚಂದ್ರ. ಕಚ್ಛಿ ಒಬ್ಬ, ಪಾರ್ಸಿ ಒಬ್ಬ, ಹೀಗೆ ಉಡುಪು, ಪಗಡಿ, ಮೀಸೆಗಳಿಂದ ಗುರುತು ಹತ್ತುವಂತೆ ಮಾಡಿದ್ದಾರೆ. ಕಲಾರಸಿಕರು ಇದನ್ನು ಹೊಗಳುತ್ತಾರೆ. ಲಂಡನ್ನಿನ ನಕ್ಷೆಗೆ ಭಾರತದ ಜೀವ ತುಂಬಿದ ಕೆತ್ತನೆ ಅನ್ನುತ್ತಾರೆ.

ಯೋಚಿಸಿ ನೋಡಿ. ವಿಶ್ವವಿದ್ಯಾಲಯ ಅಂದರೆ ಹುಟ್ಟನ್ನು ದಾಟಿ ಅರಿವಿಗೆ ಹೋಗುವ ಜಾಗ, ಅಥವಾ ಹಾಗೆ ಇರಬೇಕಾದ್ದು. ಅದರ ಗ್ರಂಥಾಲಯದ ನೆತ್ತಿಯ ಮೇಲೆ ಮನುಷ್ಯರನ್ನು ಜಾತಿಗಳಾಗಿ ಸಾಲಾಗಿ ನಿಲ್ಲಿಸಿದ್ದಾರೆ. ಇದು ಬರೀ ಅಲಂಕಾರ ಅಂತ ತಳ್ಳಿಹಾಕಬೇಡಿ. ದೇಶದ ಮೊದಲ ಜನಗಣತಿ ನಡೆದದ್ದು 1871-72ರಲ್ಲಿ, ಅಂದರೆ ಗೋಪುರ ಏಳುತ್ತಿದ್ದಾಗಲೇ. 1881ರಲ್ಲಿ ಎರಡನೆಯದು. ಈ ನೆಲದ ಮನುಷ್ಯನನ್ನು ತಿಳಿಯುವುದೆಂದರೆ ಅವನ ಜಾತಿಯನ್ನು ಪಟ್ಟಿಗೆ ಹಾಕುವುದು ಎಂದು ಆಳುವವರು ನಂಬಿದ್ದ ಕಾಲ. ಪಟ್ಟಿಯನ್ನು ಕಾಗದದ ಮೇಲೆ ಬರೆದರು, ಕಲ್ಲಿನ ಮೇಲೂ ಕೆತ್ತಿದರು. ಜಾತಿಯನ್ನು ಬ್ರಿಟಿಷರೇ ಹುಟ್ಟಿಸಿದರು ಅಂತ ಈಗ ಕೆಲವು ಪಂಡಿತರು ಹೇಳತೊಡಗಿದ್ದಾರೆ. ನಮ್ಮ ಕೇರಿಗೆ ಬಂದು ಆ ಮಾತು ಹೇಳಲಿ. ಬ್ರಿಟಿಷರು ಬರುವ ಎಷ್ಟೋ ಮೊದಲೇ ನಮ್ಮ ಬಾವಿ ಬೇರೆ ಇತ್ತು. ಹುಟ್ಟಿಸಿದವರು ನೀವು, ಅವರು ಅದನ್ನು ಎತ್ತರದಲ್ಲಿಟ್ಟು ಚಂದ ನೋಡಿದರು. ನಿಮ್ಮ ಕ್ರೌರ್ಯ ಅವರಿಗೆ ಒಂದು ಸೊಗಸು.

ಜಾತಿಗೆ ಕಲ್ಲಿನ ರೂಪ ಕೊಟ್ಟಾಗ ಒಂದು ಮೋಸ ನಡೆಯುತ್ತದೆ. 24 ಗೊಂಬೆಗಳೂ ಒಂದೇ ಕಲ್ಲಿನವು, ಎಲ್ಲಕ್ಕೂ ನಿಲ್ಲಲು ಜಾಗವಿದೆ. ಕೆಳಗೆ ಬೀದಿಯಲ್ಲಿ ಹಾಗಿರಲಿಲ್ಲ. ಜಾತಿ ಅಂದರೆ ಬೇರೆ ಬೇರೆ ಪಗಡಿ, ಬೇರೆ ಬೇರೆ ಮೀಸೆ ಅಲ್ಲ ಮಾರಾಯ್ರೆ! ಯಾರು ಯಾರ ನೀರು ಮುಟ್ಟುವಂತಿಲ್ಲ ಎಂಬುದು ಜಾತಿ. ಆ ಸಂಬಂಧವನ್ನು ಯಾವ ಶಿಲ್ಪಿಯೂ ಒಂಟಿ ಗೊಂಬೆಯಲ್ಲಿ ತೋರಿಸಲಾರ. ಒಬ್ಬ ಇನ್ನೊಬ್ಬನಿಂದ ಹಿಂದೆ ಸರಿದು ನಿಂತದ್ದನ್ನು ಕೆತ್ತಬೇಕು. ಆಗ ಅದು ಅಲಂಕಾರವಾಗಿ ಉಳಿಯುವುದಿಲ್ಲ. ನಮ್ಮ ಸಾಹಿತ್ಯದಲ್ಲೂ ಇದೇ ರೋಗವಿದೆ. ಕಥೆಯಲ್ಲಿ ಒಬ್ಬ ಹಾಲಕ್ಕಿ ಹೆಂಗಸು ಮಣಿಸರ ಹಾಕಿಕೊಂಡು ಬರುತ್ತಾಳೆ, ಒಬ್ಬ ಅಂಬಿಗ ದೋಣಿ ನಡೆಸುತ್ತಾನೆ, ಒಬ್ಬ ಮುಕ್ರಿ ಬೇಲಿಯಾಚೆ ನಿಂತು 'ಒಡೆಯಾ' ಅನ್ನುತ್ತಾನೆ. ಎಲ್ಲರೂ ಗೋಪುರದ ಗೊಂಬೆಗಳು. ವಿಮರ್ಶಕರು ಇದನ್ನು 'ಪ್ರಾದೇಶಿಕ ಸೊಗಡು' ಅಂತ ಕರೆದು ಬೆನ್ನು ತಟ್ಟುತ್ತಾರೆ.

ದೊಡ್ಡಪ್ಪ ಆ ಹೋಟೆಲಿನಲ್ಲಿ ತನ್ನ ಜಾತಿ ಹೇಳಿರಲಿಲ್ಲ. ಬೇರೆ ಜಾತಿಯ ಹೆಸರು ಹೇಳಿ ಕೆಲಸಕ್ಕೆ ಸೇರಿದ್ದ. ಒಂದು ದಿನ ಊರಿನ ಕಡೆಯ ಒಬ್ಬ ಗಿರಾಕಿ ಬಂದು ಗುರುತು ಹಿಡಿದು ಗಲ್ಲೆಯ ಹತ್ತಿರ ಕಿವಿಯಲ್ಲಿ ಹೇಳಿ ಹೋದ. ಸಂಜೆಗೆ ಲೆಕ್ಕ ಚುಕ್ತಾ. ಗೋಪುರದ ಮೇಲೆ 24 ಜಾತಿಗಳು ಗಾಳಿ ಬೆಳಕಿನಲ್ಲಿ ನಿಂತಿದ್ದವು. ಅದರ ನೆರಳಿನಲ್ಲಿ ಒಬ್ಬ ಹುಡುಗ ಜಾತಿ ಬಚ್ಚಿಟ್ಟುಕೊಂಡು ಕಪ್ಪು ತೊಳೆಯುತ್ತಿದ್ದ. ನನಗೆ ಗೋಪುರದ ವಾಸ್ತುಶಿಲ್ಪದ ಬಗ್ಗೆ ತಿಳಿದಿರುವುದು ಇಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಬರಹವೂ ಅರ್ಧವಾಗುತ್ತದೆ. ಯಾಕೆಂದರೆ ಗೋಪುರದ ಮೇಲಿರುವುದು ಬರೀ ಗೊಂಬೆಗಳಲ್ಲ, ಒಂದು ಗಡಿಯಾರವೂ ಇದೆ. ಮೊದಮೊದಲು ಅದರ ಗಂಟೆಗಳು ಹದಿನಾರು ರಾಗ ನುಡಿಸುತ್ತಿದ್ದವು. ಬ್ರಿಟಿಷರ ರಾಜಗೀತೆಯೂ ಅದರಲ್ಲಿ ಒಂದು. ಅದನ್ನು ಬಿಡಿ. ಗಡಿಯಾರ ಹೇಳುತ್ತಿದ್ದ ಹೊತ್ತು ಯಾರದು ಎಂಬುದಕ್ಕೆ ಒಂದು ದೊಡ್ಡ ಜಗಳವೇ ನಡೆಯಿತು.

ಆಗ ಊರೂರಿಗೆ ಅದರದರ ಸೂರ್ಯನ ವೇಳೆ. ಗ್ರೀನಿಚ್ಚಿಗಿಂತ ಮುಂಬಯಿ 4 ಗಂಟೆ 51 ನಿಮಿಷ ಮುಂದೆ, ಮದ್ರಾಸು 5 ಗಂಟೆ 21 ನಿಮಿಷ ಮುಂದೆ. ರೈಲುಗಳು ಮದ್ರಾಸು ವೇಳೆಯಲ್ಲಿ ಓಡುತ್ತಿದ್ದವು. 1881ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್, ಮುಂಬಯಿಯ ಸರ್ಕಾರಿ ಕಚೇರಿಗಳೂ ಮದ್ರಾಸು ವೇಳೆಗೆ ನಡೆಯಲಿ ಎಂದು ಆಜ್ಞೆ ಮಾಡಿದ. ನಗರದ ದೊಡ್ಡವರು ಸಿಟ್ಟಾದರು. ವಿಶ್ವವಿದ್ಯಾಲಯ ತನ್ನ ಗೋಪುರದಲ್ಲಿ ಮುಂಬಯಿ ವೇಳೆಯನ್ನೇ ಇಟ್ಟುಕೊಂಡಿತು. ಹಾಗಿದ್ದರೆ ರಾತ್ರಿ ಗಡಿಯಾರಕ್ಕೆ ದೀಪ ಹಚ್ಚುವ ಖರ್ಚು ಕೊಡುವುದಿಲ್ಲ ಅಂತ ಸರ್ಕಾರ ಹಟ ಹಿಡಿಯಿತು. ಕೊನೆಗೆ 1883ರಲ್ಲಿ ಸರ್ಕಾರವೇ ಹಿಂದೆ ಸರಿಯಿತು. ನಮ್ಮ ಭಟ್ಕಳದ ಗಡಿಯಲ್ಲಿ ಈ ಲೆಕ್ಕ ಹೇಗಿತ್ತು ನೋಡಿ. ಶಿರೂರಿನ ಕೋಳಿ ಮದ್ರಾಸಿನದು, ಭಟ್ಕಳದ ಕೋಳಿ ಮುಂಬಯಿಯದು. ಕಾಗದದ ಪ್ರಕಾರ ಎರಡರ ಕೂಗಿಗೂ ಅರ್ಧ ಗಂಟೆ ಅಂತರ!

1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆ ಬಂತು. ಮುಂಬಯಿಯ ಮುನಿಸಿಪಾಲಿಟಿ ಮಾತ್ರ ಹಳೆಯ ಮುಂಬಯಿ ವೇಳೆಯನ್ನು 1955ರವರೆಗೂ ಬಿಡಲಿಲ್ಲ. ವಕೀಲರು, ವ್ಯಾಪಾರಿಗಳು, ಪತ್ರಿಕೆಯವರು ಸೇರಿ ನಡೆಸಿದ ಈ ಹೋರಾಟವನ್ನು ಈಗಿನ ಇತಿಹಾಸಕಾರರು ಅಭಿಮಾನದಿಂದ ಬರೆಯುತ್ತಾರೆ. ಬರೆಯಲಿ, ಅದೂ ಸರಿಯೇ. ಆದರೆ ಅವರಿಗೆ ಹೊತ್ತು ಒಂದು ಮಾನದ ಪ್ರಶ್ನೆಯಾಗಿತ್ತು. ಗಿರಣಿಯವರಿಗೆ ಅದು ಮೈಯ ಪ್ರಶ್ನೆ.

ಹೊಸ ವೇಳೆ ಹಳೆಯದಕ್ಕಿಂತ 39 ನಿಮಿಷ ಮುಂದೆ. ಅಂದರೆ ಗಡಿಯಾರದ ಅದೇ ಗಂಟೆಗೆ ಗಿರಣಿಯ ಬಾಗಿಲಿಗೆ ಬರಬೇಕಾದವ ಇನ್ನೂ 39 ನಿಮಿಷ ಹೆಚ್ಚು ಕತ್ತಲಲ್ಲಿ ಏಳಬೇಕು. ಆ ಹೊತ್ತಿಗೆ ಗಿರಣಿಗಳಿಗೆ ವಿದ್ಯುದ್ದೀಪ ಬಂದು ದುಡಿಮೆಯ ಹೊತ್ತು ಆಗಲೇ ಉದ್ದವಾಗಿತ್ತು. 1906ರ ಜನವರಿಯಲ್ಲಿ ಒಂದು ಗಿರಣಿಯ ಕಾರ್ಮಿಕರು ಕೆಲಸ ನಿಲ್ಲಿಸಿ ಕಲ್ಲು ತೂರಿದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆ ಕಲ್ಲಿನ ಗುರಿ ಮಾಲೀಕ ಮಾತ್ರ ಅಲ್ಲ, ಅವನು ತಿರುಗಿಸಿದ ಮುಳ್ಳು.

ಇದಕ್ಕೂ ಮೊದಲಿನ ಒಬ್ಬನ ಹೆಸರು ಹೇಳಬೇಕು, ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆಯ ಸಂಪಾದಕರು, ಗಿರಣಿಯೊಳಗಿನ ಬದುಕನ್ನು ಕಂಡವರು. 1884ರಲ್ಲಿ ಅವರು ಗಿರಣಿ ಕೆಲಸಗಾರರ ಸಭೆ ಸೇರಿಸಿ 5,500 ಜನರ ಸಹಿ ಹಾಕಿಸಿ ಮನವಿ ಕೊಟ್ಟರು. ಅದರಲ್ಲಿ ಕೇಳಿದ್ದೇನು? ಭಾನುವಾರ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಬೆಳಿಗ್ಗೆ ಆರೂವರೆಗೆ ಕೆಲಸ ಶುರು, ಸೂರ್ಯ ಮುಳುಗಿದರೆ ಮುಗಿತು. ತಿಂಗಳ ಸಂಬಳ ಮುಂದಿನ ತಿಂಗಳ ಹದಿನೈದರೊಳಗೆ. 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಇವತ್ತು ನೀವೂ ನಾನೂ ಅನುಭವಿಸುವ ಭಾನುವಾರದಲ್ಲಿ ಆ 5,500 ಸಹಿಗಳ ಪಾಲಿದೆ.

ಈ ಮನವಿಯನ್ನು ಕವಿತೆ ಓದುವ ಹಾಗೆ ಓದಿ. 'ಆರೂವರೆ', 'ಅರ್ಧ ಗಂಟೆ', 'ಹದಿನೈದನೇ ತಾರೀಖು'. ಮಾಲೀಕನ ಗಡಿಯಾರವನ್ನೇ ಕಸಿದು ಅದರ ಮುಳ್ಳನ್ನು ಮಾಲೀಕನ ಎದೆಗೆ ತಿರುಗಿಸಿದ್ದಾರೆ. ಗಡಿಯಾರವಿಲ್ಲದ ಊರಿನಲ್ಲಿ ಇದು ಸಾಧ್ಯವಿತ್ತೇ? ನಮ್ಮ ಕಡೆ ಹುಟ್ಟಾಳಿಗೆ ಹೊತ್ತು ಎಂಬುದೇ ಇರಲಿಲ್ಲ. ಒಡೆಯ ಕರೆದಾಗ ಬೆಳಗು, ಒಡೆಯ ಬಿಟ್ಟಾಗ ಸಂಜೆ. ಒಳ್ಳೆಯ ಹೊತ್ತು ಕೆಟ್ಟ ಹೊತ್ತು ಭಟ್ಟರ ಪಂಚಾಂಗದೊಳಗೆ. ಪಂಚಾಂಗ ಓದುವ ಅಕ್ಷರ ನಮಗಿಲ್ಲ. ಎತ್ತರದಲ್ಲಿ ನಾಲ್ಕೂ ದಿಕ್ಕಿಗೆ ಮುಖ ಮಾಡಿದ ಗಡಿಯಾರ ಹಾಗಲ್ಲ. ತಲೆ ಎತ್ತಿದವರಿಗೆಲ್ಲ ಅದು ಒಂದೇ ಉತ್ತರ ಕೊಡುತ್ತದೆ. ಅದರ ಗಂಟೆಯ ದನಿಗೆ ಮೈಲಿಗೆಯಿಲ್ಲ.

ಆದ್ದರಿಂದ 'ಬ್ರಿಟಿಷರ ಗುರುತುಗಳನ್ನೆಲ್ಲ ಕೆಡವಬೇಕು' ಎಂದು ನಮ್ಮ ಅಧ್ಯಯನ ಕೂಟದಲ್ಲಿ ಒಬ್ಬ ಗೆಳೆಯ ಮೇಜು ಕುಟ್ಟಿದಾಗ ನಾನು ಒಪ್ಪಲಿಲ್ಲ. ಆ ಗೋಪುರದ ಬುಡದಲ್ಲಿರುವ ವಿಶ್ವವಿದ್ಯಾಲಯದಿಂದಲೇ ಬಾಬಾಸಾಹೇಬರು 1912ರಲ್ಲಿ ಬಿ.ಎ. ಮುಗಿಸಿದರು. ಧಾರವಾಡಕ್ಕೆ 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವ ಮೊದಲು ನಮ್ಮ ಜಿಲ್ಲೆಯ ಪದವೀಧರರೂ ಅಲ್ಲಿಯವರೇ. ನಾವು ಹೊತ್ತ ಹತ್ತಿಯ ಗೋಪುರ ಅದು. ಕೆಡವಲು ಯಾಕೆ ಕೊಡಬೇಕು? ಅದರ ಮೇಲೆ ನಮ್ಮ ಹಕ್ಕು ಹೇಳಬೇಕು.

ಹಾಗಂತ ಗಡಿಯಾರ ಬಂತು, ಜಾತಿ ಹೋಯಿತು ಎಂದು ಕುಣಿಯುವ ಹಾಗೂ ಇಲ್ಲ. ಮುಂಬಯಿಯ ಗಿರಣಿಗಳನ್ನೇ ನೋಡಿ. ಭೋಂಗಾ ಎಲ್ಲರಿಗೂ ಒಂದೇ, ಪಾಳಿ ಎಲ್ಲರಿಗೂ ಒಂದೇ. ಆದರೆ ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಅಸ್ಪೃಶ್ಯರಿಗೆ ಪ್ರವೇಶವಿಲ್ಲ. ಯಾಕೆ? ಲಾಳಿಗೆ ಹೊಸ ನೂಲು ಹಾಕುವಾಗ ಬಾಯಿಂದ ಹೀರಿ ಎಳೆಯಬೇಕು. ಒಬ್ಬನ ಬಾಯಿ ತಾಗಿದ ಲಾಳಿಗೆ ಇನ್ನೊಬ್ಬ ಬಾಯಿ ಇಡಬೇಕು. ಸವರ್ಣ ಕಾರ್ಮಿಕರು ಒಪ್ಪಲಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆಯನ್ನು ಮುಷ್ಕರದ ನಾಯಕರ ಮುಂದಿಟ್ಟರು. ಕೆಂಪು ಬಾವುಟದ ಗೆಳೆಯರು ಇದನ್ನು ಮತ್ತೆ ಮತ್ತೆ ಓದಬೇಕು. ಹತ್ತಿಯನ್ನು ನಾವು ಬಿತ್ತಬಹುದು, ಬಿಡಿಸಬಹುದು, ಘಟ್ಟ ಇಳಿಸಿ ಧಕ್ಕೆಯಲ್ಲಿ ಹೊರಬಹುದು. ಅದು ನೂಲಾದ ಮೇಲೆ ನಮ್ಮ ಬಾಯಿ ತಾಗಬಾರದು!

ನಾನು ಕಲಿತ ಕನ್ನಡ ಶಾಲೆಯಲ್ಲಿ ಒಂದು ಗಂಟೆ ಇತ್ತು. ರೈಲು ಪಟ್ಟಿಯ ತುಂಡು, ಹಗ್ಗದಲ್ಲಿ ತೂಗುಬಿಟ್ಟದ್ದು. ಅದನ್ನು ಹೊಡೆಯಲು ವಾರಕ್ಕೊಬ್ಬ ಹುಡುಗ. ಹಾಜರಿ ಪುಸ್ತಕದ ಪ್ರಕಾರ ಸರದಿ. ನಮ್ಮ ಕೇರಿಯ ಹೆಸರು ಬಂದಾಗ ಮಾಸ್ತರರು ಏನೂ ಹೇಳದೆ ಮುಂದಿನ ಹೆಸರು ಓದುತ್ತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ಹೆಸರು, ಅಷ್ಟೇ. ಐದು ವರ್ಷದಲ್ಲಿ ಒಮ್ಮೆಯೂ ಆ ಕಬ್ಬಿಣ ನನ್ನ ಕೈಯಲ್ಲಿ ಮೊಳಗಲಿಲ್ಲ. ಈ ಪತ್ರಿಕೆ ಓದುವ ಮಾಸ್ತರರು ಅನೇಕರಿದ್ದೀರಿ. ನಿಮ್ಮ ಶಾಲೆಯ ಗಂಟೆ ಈ ವಾರ ಯಾರು ಹೊಡೆಯುತ್ತಿದ್ದಾರೆ, ಒಮ್ಮೆ ಎದ್ದು ನೋಡಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

1888ರ ಹೊತ್ತಿಗೆ ಹುಬ್ಬಳ್ಳಿಯ ರೈಲು ಮೊರ್ಮುಗಾವಿನ ಬಂದರಿಗೆ ಕೂಡಿಕೊಂಡಿತು. ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಧಕ್ಕೆ ಖಾಲಿಯಾಯಿತು. ಹೆಸರು ಮಾತ್ರ ಪೇಟೆಯಲ್ಲಿ ಉಳಿಯಿತು. ನಮ್ಮೂರಿಗೆ ರೈಲು ಬರಲು ಆಮೇಲೆ ನೂರು ವರ್ಷವೇ ಬೇಕಾಯಿತು. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅತ್ತ ಗೋಪುರಕ್ಕೆ 2015ರಲ್ಲಿ ದೊಡ್ಡ ದುರಸ್ತಿ ಮುಗಿಯಿತು. 2018ರಲ್ಲಿ ಯುನೆಸ್ಕೊ ಆ ಸುತ್ತಿನ ಕಟ್ಟಡಗಳನ್ನೆಲ್ಲ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವ ಪರಂಪರೆ! ಸರಿ. ಹಾಗಿದ್ದರೆ ಮಿಸಿಸಿಪಿಯ ಗುಲಾಮನೂ ದೇವಿಮನೆ ಘಟ್ಟದ ಲಂಬಾಣಿಗನೂ ಕುಮಟೆಯ ಹಮಾಲಿಯೂ ಆ ವಿಶ್ವದೊಳಗೆ ಬರಬೇಕು.

ಕಳೆದ ವರ್ಷ ನಾನು ಮುಂಬಯಿಗೆ ಹೋದಾಗ ಓವಲ್ ಮೈದಾನದಲ್ಲಿ ನಿಂತು ಗೋಪುರ ನೋಡಿದೆ. ಕುತ್ತಿಗೆ ನೋಯುವವರೆಗೆ ನೋಡಿದರೂ ಗೊಂಬೆಗಳ ಮುಖ ಸ್ಪಷ್ಟವಾಗಲಿಲ್ಲ. ಮುಳ್ಳು ಮಾತ್ರ ಕಂಡಿತು. ಊರಿಗೆ ಬಂದು ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಹತ್ತಿ, ಪ್ರೇಮಚಂದ, 24 ಜಾತಿ. ಅವನು ಬೀಡಿ ಆರಿಸಿ ಕೇಳುತ್ತ ಕೂತಿದ್ದ.

"ಅಲ್ಲಿ ಗೊಂಬೆ ಇತ್ತೇನೋ ತಮಾ? ನಾ ನೋಡ್ಲೇ ಇಲ್ಲ," ಅಂದ.

"ಹನ್ನೊಂದು ವರ್ಷ ಮುಂಬಯಿಲಿದ್ದೆ, ನೋಡ್ಲಿಲ್ವಾ ದೊಡ್ಡಪ್ಪ?"

"ಗೊಂಬೆ ನೋಡೂಕೆ ಪುರಸೊತ್ತೆಲ್ಲಿತ್ತು? ಏಳು ಹೊಡೆದ್ರೆ ಮೋರಿ ಬಿಟ್ಟು ಓಡ್ಬೇಕು. ಏಳೂವರೆಗೆ ರಾತ್ರಿ ಶಾಲೆ. ತಡ ಆದ್ರೆ ಹಿಂದಿನ ಬೆಂಚು, ಅಲ್ಲಿ ದೀಪ ಇಲ್ಲ."